ಅತ್ತೆಯ ಖೋಲಿಯಲ್ಲಿ ಒಂದು ಚಾಳ್

ಗ್ರಾಂಟ್ ರೋಡ್ ಕಡೆಯ ಅಂಗಡಿಯೊಂದರಿಂದ ಹಳೆಯ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಆಂಟಾಪ್ ಹಿಲ್‌ನ ಮನೆಗೆ ತಂದು ಅತ್ತೆಯ ಮಂಚದ ಬಲಗಡೆ ಇಟ್ಟೆ. ಅತ್ತೆ ಕಣ್ಣು ತೆರೆದು ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಇದೂ ನನ್ನ ಉಸರಾಡಸಾಕ ತಂದೀಯೇನ?"

ಕೇಳುವುದು ಸಹಜವೇ. ಮಂಚದ ಎಡಗಡೆ ಆಗಲೇ ಒಂದು ಯಂತ್ರ ಹಗಲೂ ರಾತ್ರಿ ಗುರ್ ಎನ್ನುತ್ತ ನಿಂತಿತ್ತು. ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಆಕ್ಸಿಜನ್ ಮಷೀನಿನ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡೇ ಮಲಗುವುದು, ಕೂರುವುದು, ನನ್ನನ್ನು ಬೈಯುವುದು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇದು ವಾಸಿಯಾಗುವ ಕಾಯಿಲೆ ಅಲ್ಲ, ಇನ್ನು ಮುಂದೆ ಯಾರಾದರೂ ಹತ್ತಿರವೇ ಇರಿ ಅಂದಿದ್ದರು.

"ಅಲ್ಲ ಅತ್ತಿ, ಇದು ನನ್ನ ಉಸಿರಿಗೆ," ಅಂದೆ.

ಸುಳ್ಳಲ್ಲ. ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಸರ್ವರ್ ರೂಮ್ ನೋಡಿಕೊಳ್ಳುವುದು ನನ್ನ ಕೆಲಸ. ಕಪಾಟಿನಂಥ ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲಾಗಿ ಕೂತ ಯಂತ್ರಗಳು, ಮೇ ತಿಂಗಳಲ್ಲೂ ಸ್ವೆಟರ್ ಬೇಕಾಗುವಷ್ಟು ಥಂಡಿ. ಆ ರೂಮನ್ನೇ ಮುಚ್ಚುತ್ತೇವೆ, ಎಲ್ಲವನ್ನೂ ಕ್ಲೌಡಿಗೆ ಹಾಕುತ್ತೇವೆ ಎಂದು ಆಫೀಸು ಒಂದು ದಿನ ಹೇಳಿತು. ಕ್ಲೌಡ್ ಎಂದರೆ ಮೋಡಗೀಡ ಏನೂ ಅಲ್ಲ. ಬೇರೆ ಯಾರದೋ ಜಾಗದಲ್ಲಿರುವ ಬೇರೆ ಯಾರದೋ ಯಂತ್ರಗಳು, ಅದರಲ್ಲಿ ಬೇಕಾದಷ್ಟನ್ನು ನಾವು ಬಾಡಿಗೆಗೆ ಹಿಡಿಯುವುದು, ಅಷ್ಟೆ. ಅದನ್ನು ನಡೆಸಲು ಕಲಿತು, ಆಫೀಸಿನಲ್ಲಿ ಒಂದು ಪರೀಕ್ಷೆ ಪಾಸಾದವರು ಮನೆಯಿಂದಲೇ ಕೆಲಸ ಮಾಡಬಹುದು. ಆಗದವರು ಪನ್ವೇಲ್ ಆಚೆಯ ಹೊಸ ಕಚೇರಿಗೆ, ಪಾಳಿ ಕೆಲಸಕ್ಕೆ.

ಪನ್ವೇಲ್ ಆಚೆ ಹೋದರೆ ನಾನು ಅತ್ತೆಯ ಹತ್ತಿರ ಇರುವುದು ಎಂದು? ಬೆಳಿಗ್ಗೆ ಬಾಗಿಲಲ್ಲಿ ಒಮ್ಮೆ, ರಾತ್ರಿ ಅವರು ಮಲಗಿದ ಮೇಲೆ ಒಮ್ಮೆ. ಅವರ ಕೊನೆಯ ತಿಂಗಳುಗಳು ಹಾಗೆ ಬಾಗಿಲ ಸಂದಿಯಲ್ಲಿ ಕಳೆದುಹೋಗುವುದು ನನಗೆ ಬೇಡವಾಗಿತ್ತು. ಪರೀಕ್ಷೆ ಎಂದರೆ ನನಗೆ ಅದೊಂದೇ ಅರ್ಥ: ಆ ಮಂಚದ ಪಕ್ಕದ ಕುರ್ಚಿ.

ಅತ್ತೆ ಎಂದರೆ ಗಂಡನ ತಾಯಿ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆ ದಿನ ನೆರೆದಿದ್ದ ಹೆಂಗಸರಲ್ಲಿ ಯಾರೋ ನನ್ನ ಕೈ ಹಿಡಿದು ಬಳೆಗೆ ಕೈ ಹಾಕಿದರು. ಅತ್ತೆ ಮಗನ ತಲೆಯ ಬಳಿ ಕೂತಿದ್ದವರು ಎದ್ದು ಬಂದು, "ಆಕಿ ಕೈ ಬಿಡ್ರಿ. ನನ್ನ ಮನ್ಯಾಗ ಇವತ್ತ ಆದದ್ದು ಸಾಕು," ಅಂದರು. ಮತ್ತೆ ಹೋಗಿ ಅದೇ ಜಾಗದಲ್ಲಿ ಕೂತರು. ಅವತ್ತಿನಿಂದ ನಾನು ಅವರನ್ನು ಬಿಟ್ಟು ಹೋಗುವ ಮಾತೇ ಎತ್ತಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ. ಮನೆಯಲ್ಲಿ ನಾವು ಮೂರು ಜನ: ಅತ್ತೆ, ನಾನು, ಕಾಲೇಜಿಗೆ ಹೋಗುವ ನನ್ನ ಮಗಳು.

ಅತ್ತೆಯ ಕನ್ನಡದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಧಾರವಾಡದವರು. ನಾನು ಜೋಗೇಶ್ವರಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನ ಗಲ್ಲೆಯಲ್ಲಿ ಕೂತವರು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಮುನಿಸಿಪಾಲ್ಟಿ ಶಾಲೆಯಲ್ಲಿ ಪುಸ್ತಕದ ಕನ್ನಡ. ಆ ಕನ್ನಡದ ಮೇಲೆ ನನಗೆ ಬಹಳ ಜಂಬವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಅತ್ತೆ, "ದೇವರ ದೀಪ ದೊಡ್ಡದು ಮಾಡವಾ, ಹೊರಗ ಹೋಗೋಣು," ಅಂದರು. ನಾನು ಓಡಿಹೋಗಿ ಬತ್ತಿ ಮೇಲೆಳೆದು ಎಣ್ಣೆ ತುಂಬಿಸಿ, ಜ್ವಾಲೆ ಗೂಡಿನ ಮೇಲ್ಭಾಗ ಮುಟ್ಟುವಷ್ಟು ದೊಡ್ಡದು ಮಾಡಿದೆ. ಅತ್ತೆ ಚಪ್ಪಲಿ ಹಾಕಿಕೊಂಡವರು ಒಳಗೆ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡರು. ಆಗ ಗೊತ್ತಾಯಿತು, ಅವರ ಬಾಯಲ್ಲಿ ದೀಪ ದೊಡ್ಡದು ಮಾಡುವುದು ಎಂದರೆ ಆರಿಸುವುದು. ಆರಿಸು ಎನ್ನಬಾರದು. ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು, ಅಕ್ಕಿ ತುಂಬ್ಯಾವ ಎನ್ನಬೇಕು. ಹೊರಟವರು ಹೋಗುತ್ತೇನೆ ಎನ್ನಬಾರದು. ಮುಗಿಯುವ ಯಾವುದಕ್ಕೂ ಅದರ ನಿಜವಾದ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

"ಅತ್ತೆ, ಆರಿಸು ಅಂತ ನೇರ ಹೇಳಿದರೆ ಏನಾಗ್ತದೆ?" ಎಂದು ಜಗಳವಾಡಿದ್ದೆ.

"ಹಚ್ಚಿದ ಕೈಲೆ ಆರಸೂದು ಹೆಂಗವಾ? ಬಾಯಿ ಬರಬೇಕಲ್ಲ," ಅಂದಿದ್ದರು.

ವರ್ಷಗಳು ಕಳೆದಂತೆ ನನ್ನ ಪುಸ್ತಕದ ಕನ್ನಡ ಸವೆದು, ಅತ್ತೆ ಅನ್ನುತ್ತಿದ್ದವಳು ಅತ್ತಿ ಅನ್ನತೊಡಗಿದೆ. ಈಗ ಧಾರವಾಡದಿಂದ ಬಂದ ನೆಂಟರೇ ನನ್ನನ್ನು ಯಾವ ಓಣಿಯವಳು ಎಂದು ಕೇಳುತ್ತಾರೆ.

ಇನ್ನು ಆ ಕಂಪ್ಯೂಟರು. ಬಾಡಿಗೆಯ ಕ್ಲೌಡಿನಲ್ಲಿ ಕಲಿಯುತ್ತ ಕೂತರೆ ರಿಕ್ಷಾದ ಹಾಗೆ ಮೀಟರ್ ಓಡುತ್ತದೆ, ತಪ್ಪು ಮಾಡಲು ಧೈರ್ಯ ಬರುವುದಿಲ್ಲ. ನನ್ನದೇ ಒಂದು ಯಂತ್ರದಲ್ಲಿ ಸಣ್ಣದೊಂದು ಕ್ಲೌಡ್ ಕಟ್ಟಿಕೊಂಡರೆ ಎಷ್ಟು ಸಲವಾದರೂ ಕೆಡಿಸಿ ಕಲಿಯಬಹುದು. ಉಪಾಯ ಇಷ್ಟೇ: ಕಣ್ಣಿಗೆ ಕಾಣುವ ಯಂತ್ರ ಒಂದು, ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ನಾಲ್ಕು. ಆ ನಾಲ್ಕರಲ್ಲಿ ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರು ಎಂದು ನಂಬಿಕೊಂಡಿರುತ್ತದೆ. ಒಂದು ಉಳಿದವಕ್ಕೆ ಹುಕುಂ ಕೊಡುವುದು, ಎರಡು ಕೆಲಸ ಮಾಡುವುದು, ಒಂದು ಎಲ್ಲರ ಸಾಮಾನು ಇಟ್ಟುಕೊಳ್ಳುವುದು. ಇರುವ ಮೆಮೊರಿಯನ್ನೇ ನಾಲ್ಕಕ್ಕೂ ಹಂಚಬೇಕು; ಯಾವುದಕ್ಕೆ ಹೆಚ್ಚು ಕೊಟ್ಟರೂ ಇನ್ನೊಂದರ ಬಾಯಿಂದ ಕಿತ್ತು ಕೊಟ್ಟ ಹಾಗೆ.

ನಾನು ವಿವರಿಸಿದ್ದನ್ನು ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಡುನಡುವೆ ಉಸಿರು ತೆಗೆದುಕೊಳ್ಳುತ್ತ, "ಒಂದ ಬಿಲ್ಡಿಂಗು. ಒಳಗ ನಾಕ ಖೋಲಿ. ಎಲ್ಲಾರಿಗೂ ಒಂದ ನಳ. ಅದಕ ಇಷ್ಟುದ್ದ ಹೆಸರು ಯಾಕ? ಚಾಳ್ ಅನ್ನು," ಅಂದರು.

ಅಲ್ಲಿಗೆ ನನ್ನ ಕ್ಲೌಡಿಗೆ, ಕೋಣೆಗೊಂದು ಸಂಸಾರವಿರುವ ಇಲ್ಲಿನ ವಠಾರಗಳ ಹಾಗೆ, ಚಾಳ್ ಎಂದೇ ಹೆಸರು ನಿಂತಿತು.

ಚಾಳ್ ಏಳುವುದಕ್ಕೆ ಬಹಳ ಸತಾಯಿಸಿತು. ಮೊದಲು ಯಂತ್ರವೇ ಒಲ್ಲೆ ಎಂದಿತು. ಶುರುವಾಗುವಾಗ ಬರುವ ನೀಲಿ ಪರದೆಯಲ್ಲಿ ಒಂದು ಅನುಮತಿ ಕೊಡಬೇಕಿತ್ತು, ಅದು ಎಲ್ಲಿದೆ ಎಂದು ಹುಡುಕುವುದರಲ್ಲೇ ಒಂದು ಭಾನುವಾರ ಹೋಯಿತು. ಆಮೇಲೆ ಖೋಲಿಗಳು ಎದ್ದವು, ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ಹಲ್ಲು ಕಚ್ಚಿಕೊಂಡು ಬರೆದದ್ದನ್ನೆಲ್ಲ ಸಾಲು ಸಾಲಾಗಿ ನೋಡಿದೆ. ಕಡೆಗೆ ನೋಡಿದರೆ ಎರಡು ಖೋಲಿಗೆ ಒಂದೇ ವಿಳಾಸ ಕೊಟ್ಟಿದ್ದೇನೆ, ಥೂ ನನ್ನ ಬುದ್ಧಿಗಿಷ್ಟು! ಆಫೀಸಿನಲ್ಲಿ ಹುಡುಗರು ಹೀಗೆ ಮಾಡಿದರೆ ಅವರ ಚಳಿ ಬಿಡಿಸುತ್ತಿದ್ದೆ. ಅತ್ತೆಗೆ ಹೇಳಿದರೆ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿಗೆ ಬೆನ್ನು ನೀವಬೇಕಾಯಿತು. ನೀವುವಾಗ ಕೈಗೆ ಬರೇ ಎಲುಬು ಸಿಗುತ್ತಿತ್ತು. ಜೋಳದ ಹಿಟ್ಟಿನ ಗಡಿಗೆ ಎತ್ತಿ ಇಳಿಸುತ್ತಿದ್ದ ಹೆಂಗಸು ಅದು.

ಕೀಲಿ ಒತ್ತುವ ಸದ್ದು ಅವರಿಗೆ ಅಭ್ಯಾಸವಾಯಿತು. ಆಫೀಸಿನಿಂದ ಬಂದು, ಅವರಿಗೆ ಗಂಜಿ ಕುಡಿಸಿ, ನಾನು ಚಾಳಿನ ಮುಂದೆ ಕೂರುವುದು, ಅವರು ಮಲಗಿದಲ್ಲಿಂದಲೇ, "ಮೂರನೇ ಖೋಲಿಯಾಂವ ಎದ್ದನೇನ?" ಎಂದು ವಿಚಾರಿಸುವುದು. ಮಗಳೂ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಯಾವ ಖೋಲಿಗೆ ಎಷ್ಟು ಮೆಮೊರಿ ಎಂದು ಗೆರೆಯ ಮೇಲೆ ಗುಂಡಿ ಎಳೆದು ಹೆಚ್ಚು ಕಡಿಮೆ ಮಾಡುವುದನ್ನು ಅವಳು ಕಲಿತುಬಿಟ್ಟಿದ್ದಳು.

ಈ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಅಜ್ಜಿಯನ್ನು ಆಯಿ ಅನ್ನುತ್ತಾಳೆ, ಬಾಕಿ ಎಲ್ಲ ಹಿಂದಿ. ಅಜ್ಜಿ ಧಾರವಾಡದಲ್ಲಿ ಕೇಳುವುದು, ಮೊಮ್ಮಗಳು ದಾದರಿನಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ಅದರಿಂದ ತೊಂದರೆ ಇರಲಿಲ್ಲ, ಆ ಮೇ ತಿಂಗಳ ತನಕ.

ಪರೀಕ್ಷೆಗೆ ಇನ್ನೊಂದೇ ವಾರ. ಚಾಳ್ ಕಡೆಗೂ ಪೂರ್ತಿ ನಿಂತಿತ್ತು. ಪರೀಕ್ಷೆಯಲ್ಲಿ ಕೇಳಬಹುದಾದದ್ದನ್ನೆಲ್ಲ ಅದರ ಮೇಲೆ ಮಾಡಿ ನೋಡುತ್ತಿದ್ದೆ. ಅವತ್ತು ಒಂದು ದೊಡ್ಡ ಕೆಲಸ ಹಚ್ಚಿ, ಸಂಜೆಗೆ ಮುಗಿದಿರುತ್ತದೆ ಎಂದು ಹಾಗೆಯೇ ಓಡಲು ಬಿಟ್ಟು ವಡಾಳಾದಿಂದ ಗೋರೆಗಾಂವ್ ಲೋಕಲ್ ಹಿಡಿದೆ. ಮಗಳಿಗೆ ರಜೆ, ಆಯಿಯ ಹತ್ತಿರ ಅವಳಿದ್ದಳು. ಮಧ್ಯಾಹ್ನ ಬಿಸಿಲು ಏರಿತು. ಚಾಳ್ ಅತ್ತೆಯ ಬಲಗಡೆಯಿಂದ ಬಿಸಿ ಗಾಳಿ ಊದತೊಡಗಿತು. ಉಸಿರು ಕಟ್ಟಿದಂತಾಗಿ ಅತ್ತೆ ಮೊಮ್ಮಗಳನ್ನು ಕರೆದು, ಕಂಪ್ಯೂಟರಿನ ಮೇಲೆ ಉರಿಯುತ್ತಿದ್ದ ಸಣ್ಣ ದೀಪಕ್ಕೆ ಬೆರಳು ತೋರಿಸಿ, "ಅದನ್ನ ದೊಡ್ಡದು ಮಾಡು ಕೂಸ, ತಡಕೊಳ್ಳಾಕ ಆಗವಲ್ದು," ಅಂದರು.

ಕೂಸು ದೊಡ್ಡದು ಮಾಡಿತು. ಗುಂಡಿ ಹಿಡಿದು ನಾಲ್ಕೂ ಖೋಲಿಗಳ ಮೆಮೊರಿಯನ್ನು ಗೆರೆಯ ಕೊನೆಯವರೆಗೆ ಎಳೆದಳು. ಇಲ್ಲದ್ದನ್ನು ಎಲ್ಲಿಂದ ಕೊಡುತ್ತದೆ ಆ ಯಂತ್ರ? ಫ್ಯಾನು ಕಿರುಚತೊಡಗಿತು, ಅತ್ತೆಯ ಖೋಲಿ ಇನ್ನೂ ಕಾಯಿತು. ಅತ್ತೆ ಕೈಯಾಡಿಸುತ್ತ ಮತ್ತೆ, "ದೊಡ್ಡದು ಮಾಡು, ದೊಡ್ಡದು ಮಾಡು," ಅನ್ನುತ್ತಿದ್ದಾರೆ. ಇವಳು ಅಳುತ್ತ, "ಆಯಿ, ಔರ್ ನಹೀ ಹೋತಾ, ಫುಲ್ ಹೋ ಗಯಾ," ಅನ್ನುತ್ತಿದ್ದಾಳೆ, ಇನ್ನು ದೊಡ್ಡದಾಗುವುದಿಲ್ಲ ಎಂದು. ಕಡೆಗೆ ಪರದೆ ಸ್ತಬ್ಧವಾಯಿತು. ಹೆದರಿದ ಹುಡುಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು, ಕಿಟಕಿಗೆ ಒದ್ದೆ ಚಾದರ ಕಟ್ಟಿದಳು, ನನಗೆ ಫೋನ್ ಮಾಡಿದಳು.

ನಾನು ಬರುವಷ್ಟರಲ್ಲಿ ಅತ್ತೆಯ ಉಸಿರು ಹಿಡಿತಕ್ಕೆ ಬಂದಿತ್ತು. ಮೊದಲು ಅವರನ್ನೇ ನೋಡಿದೆ, ಅಷ್ಟು ಪುಣ್ಯ ಕಟ್ಟಿಕೊಂಡೆ. ಆಮೇಲೆ ಪ್ಲಗ್ ಹಾಕಿ ನೋಡಿದರೆ ಸಾಮಾನಿನ ಖೋಲಿ ಸತ್ತುಹೋಗಿತ್ತು. ಅದರೊಂದಿಗೆ ಎಲ್ಲವೂ. ನಕಲು ತೆಗೆದಿಟ್ಟಿದ್ದೆ, ಅದೇ ಖೋಲಿಯಲ್ಲಿ ತೆಗೆದಿಟ್ಟಿದ್ದೆ. ನನ್ನ ಕೋಪ ನೆತ್ತಿಗೇರಿತು. "ನಿನಗ್ಯಾರು ಹೇಳಿದರು ಮುಟ್ಟಲಿಕ್ಕೆ? ತಲೆ ಎಲ್ಲಿಟ್ಟಿದ್ದೆ? ಪನ್ವೇಲಿಗೆ ಹೋಗಿ ಸಾಯ್ತೇನೆ ನಾನಿನ್ನು, ಆಯಿ ಇಲ್ಲಿ ಒಬ್ಬರೇ ಬಿದ್ದಿರಲಿ!" ಎಂದು ಕೂಗಾಡಿದೆ. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ತೆರೆಯಲಿ ಅಂದುಕೊಂಡೆ.

"ಆಯಿನೇ ಹೇಳಿದ್ಲು. ದೊಡ್ಡದು ಮಾಡು ಅಂತ," ಅಂದಳು ಮಗಳು, ಬಿಕ್ಕುತ್ತ. ಹೆದರಿಕೆಯಲ್ಲಿ ಕನ್ನಡ ಬಂದುಬಿಟ್ಟಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಛಾವಣಿ ನೋಡುತ್ತಿದ್ದರು.

"ದೀಪ ಉರೀತಿತ್ತಲ್ಲ ಅದರ ಮ್ಯಾಲೆ," ಅಂದರು. "ಆರಸು ಅಂತ ಹೆಂಗ ಹೇಳ್ಲಿ?"

ನಾನು ಮಂಚದ ತುದಿಯಲ್ಲಿ ಕೂತೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಎಣ್ಣೆ ತುಂಬಿದ ಆ ದೀಪದ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ನಂಬಲಾರದೆ, "ಮತ್ಲಬ್ ಉಲ್ಟಾ?" ಎಂದು ಕೇಳಿದಳು. ಹೌದು ಮಾರಾಯ್ತಿ, ಉಲ್ಟಾ.

"ನಿನ್ನ ಮಗಳಿಗೆ ಕನ್ನಡ ಬರೂದಿಲ್ಲ ನೋಡವಾ," ಅಂದರು ಅತ್ತೆ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, ಮೆತ್ತಗೆ, "ಚಾಳ್ ಮತ್ತ ಕಟ್ಟಾಕ ಬರ್ತೈತೇನ?" ಎಂದು ಕೇಳಿದರು. ತಮ್ಮ ಹತ್ತಿರ ನಾನಿರಬೇಕು ಎಂದು ಅವರು ಬಾಯಿಬಿಟ್ಟು ಎಂದೂ ಕೇಳಿದವರಲ್ಲ. ಅವತ್ತು ಕೇಳಿದ್ದು ಅದನ್ನೇ.

"ಬರ್ತೈತಿ," ಅಂದೆ.

ಅವತ್ತೇ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಯಂತ್ರಗಳ ವಿಷಯದಲ್ಲಿ ಯಾರೂ ದೊಡ್ಡದು ಮಾಡು ಅನ್ನಕೂಡದು, ಬಂದ್ ಮಾಡು ಅನ್ನಬೇಕು ಅಂದೆ. ಬಂದ್ ಎಂಬ ಮಾತೂ ಅತ್ತೆಗೆ ಸರಿಬರಲಿಲ್ಲ. ಕೊನೆಗೆ ಅವರೇ ಒಂದು ಮಾತು ಹುಡುಕಿದರು: ಮಲಗಿಸು. ಯಂತ್ರವನ್ನು ಮಲಗಿಸಬಹುದು, ಅದರಲ್ಲಿ ಅಪಶಕುನವಿಲ್ಲ, ಬೆಳಿಗ್ಗೆ ಏಳುತ್ತದೆ. ದೊಡ್ಡದು ಮಾಡುವುದು ದೇವರ ದೀಪಕ್ಕೆ ಮಾತ್ರ. ಮಗಳು ಎರಡನ್ನೂ ಮಗ್ಗಿಯ ಹಾಗೆ ಹೇಳಿ ಹೇಳಿ ಬಾಯಿಪಾಠ ಮಾಡಿದಳು. ಟಿವಿ ಮಲಗಿಸು, ಮಿಕ್ಸರ್ ಮಲಗಿಸು, ಫ್ಯಾನ್ ಮಲಗಿಸು. ಆಮೇಲೆ ಆ ವಾರವೆಲ್ಲ ಅವಳೂ ನಾನೂ ಚಾಳನ್ನು ಬುಡದಿಂದ ಕಟ್ಟಿದೆವು, ಅತ್ತೆಯ ಹತ್ತಿರದಿಂದ ಎಳೆದು ಅಡುಗೆಮನೆಯ ಬಾಗಿಲಲ್ಲಿಟ್ಟುಕೊಂಡು. ರೊಟ್ಟಿ ಬಡಿಯುವಾಗ ಹಿಟ್ಟು ಅದರ ಮೇಲೆ ಹಾರುತ್ತಿತ್ತು.

ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಒಂದು ಗಾಜಿನ ರೂಮಿನಲ್ಲಿ ಕೂರಿಸಿ, ಖಾಲಿ ಜಾಗ ಕೊಟ್ಟು, ಕಟ್ಟಿ ಅಂದರು. ಕಟ್ಟಿದೆ. ನಡುವೆ ಒಂದು ಕಡೆ ಸಿಕ್ಕಿಬಿದ್ದು ಬೆವರಿಳಿಯಿತು, ಮೇಲ್ವಿಚಾರಣೆಗೆ ಬಂದ ನನ್ನ ಅರ್ಧ ವಯಸ್ಸಿನವನು ವಾಚು ನೋಡಿಕೊಂಡಿದ್ದೂ ಕಾಣಿಸಿತು. ಎರಡು ಖೋಲಿಗೆ ಒಂದೇ ವಿಳಾಸ ಕೊಟ್ಟೆನೇನೋ ಎಂದು ನೋಡಿದೆ. ಕೊಟ್ಟಿದ್ದೆ! ಸರಿಮಾಡಿದೆ. ಸಂಜೆ ಹೊತ್ತಿಗೆ ಅವನು ಬಂದು, ಮ್ಯಾಡಮ್, ಬರುವ ತಿಂಗಳಿಂದ ನೀವು ಮನೆಯಿಂದ ಮಾಡಿ ಅಂದ. ಲೋಕಲಿನಲ್ಲಿ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಮನೆಗೆ ಫೋನ್ ಮಾಡಿದೆ. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಮಾಹಿಮ್ ದಾಟಿದ ಮೇಲೆ ಅತ್ತೆಯ ದನಿ ಬಂತು: "ಕುರ್ಚಿ ಎಲ್ಲಿ ಹಾಕ್ಲಿ ಅಂತ ಕೇಳ್ತೈತಿ ಕೂಸು."

ಎಡಗಡೆ ಹಾಕಿಸಿದೆ, ಆಕ್ಸಿಜನ್ ಮಷೀನಿನ ಪಕ್ಕ.

ಆ ಮಳೆಗಾಲವೆಲ್ಲ ನಾನು ಅಲ್ಲಿ ಕೂತು ಕೆಲಸ ಮಾಡಿದೆ. ಎಲ್ಲೋ ದೂರದ ಯಂತ್ರಗಳನ್ನು ನನ್ನ ಕೈ ಏಳಿಸುವುದು, ಮಲಗಿಸುವುದು. ಇನ್ನೊಂದು ಕೈ ಅತ್ತೆಯ ಅಂಗೈಯಲ್ಲಿ. ಮೊದಮೊದಲು ಮಾತಾಡುತ್ತಿದ್ದರು. ನನ್ನ ಗಂಡ ಚಿಕ್ಕವನಿದ್ದಾಗ ಮಾಡಿದ ಕಿತಾಪತಿಗಳು, ಹಿಂಡಿಪಲ್ಯಕ್ಕೆ ನಾನು ಹಾಕುವ ಉಪ್ಪು, ಯಾವುದೂ ಬಿಡಲಿಲ್ಲ. ಬರಬರುತ್ತ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಯಂತ್ರದ ಸದ್ದೇ ಹೆಚ್ಚಾಯಿತು. ಊಟ ನಿಂತಿತು. ರಾತ್ರಿ ಹಗಲು ಒಂದೇ ಆಯಿತು ಅವರಿಗೆ. ನೋವಿನಲ್ಲಿ ಮುಖ ಕಿವುಚಿದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಹತ್ತಿರ ಕೂರುವುದಕ್ಕೆ ಇಷ್ಟೆಲ್ಲ ಹೋರಾಡಿದವಳು ನಾನೇ, ಹತ್ತಿರ ಕೂತು ನೋಡಲಾರದವಳೂ ನಾನೇ.

ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಗಳು ಕಾಲೇಜಿನಿಂದ ಬಂದು ಅಜ್ಜಿಯ ಕಾಲು ಒತ್ತುತ್ತ ಕೂತಿದ್ದಳು. ಅತ್ತೆ ಕಣ್ಣು ತೆರೆದರು. ನೋಟ ಸ್ಪಷ್ಟವಾಗಿತ್ತು. ನನ್ನನ್ನು ನೋಡಿದರು, ಆಮೇಲೆ ಆಕ್ಸಿಜನ್ ಮಷೀನಿನ ಮೇಲಿನ ಹಸಿರು ದೀಪವನ್ನು ನೋಡಿದರು.

"ಸಾಕವಾ," ಅಂದರು. "ಭಾಳ ದಣಿದೀನಿ. ಇನ್ನ ಇದನ್ನ ದೊಡ್ಡದು ಮಾಡು."

ಮಲಗಿಸು ಅನ್ನಲಿಲ್ಲ. ಯಂತ್ರಕ್ಕೆ ಮಲಗಿಸು, ದೀಪಕ್ಕೆ ದೊಡ್ಡದು ಮಾಡು ಎಂದು ಕಟ್ಟಳೆಯಾದಾಗ ಆ ಮಾತು ಹುಡುಕಿಕೊಟ್ಟವರು ಅವರೇ. ಏನು ಹೇಳುತ್ತಿದ್ದೇನೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು.

ಮಗಳು ಎದ್ದಳು. ಅವಳ ಮುಖ ನೋಡಿದ ಕೂಡಲೇ ಅವಳಿಗೂ ಗೊತ್ತಿದೆ ಎಂದು ತಿಳಿಯಿತು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದವಳು. ಮಷೀನಿನ ಹತ್ತಿರ ಹೋಗಿ, ಅದರ ಗುಂಡಿಯನ್ನು ಡಾಕ್ಟರು ತೀರಾ ಬೇಕಾದಾಗ ಎಂದು ಹೇಳಿಟ್ಟ ಗೆರೆಯವರೆಗೆ ಮೇಲಕ್ಕೆ ತಿರುಗಿಸಿದಳು. ಸದ್ದು ಸ್ವಲ್ಪ ಏರಿತು.

"ಮಾಡಿದೆ, ಆಯಿ," ಅಂದಳು, ಒಂದೊಂದೇ ಅಕ್ಷರ ಕೂಡಿಸಿ. "ದೊಡ್ಡದು... ಮಾಡಿದೆ."

ಅತ್ತೆ ಬಹಳ ಹೊತ್ತು ಅವಳನ್ನೇ ನೋಡಿದರು. ತುಟಿ ಒಂದಿಷ್ಟು ನಕ್ಕಿತು. ನನ್ನ ಕಡೆ ಕಣ್ಣು ಹೊರಳಿಸಿ, "ನಿನ್ನ ಮಗಳಿಗೆ ಇನ್ನೂ ಕನ್ನಡ ಬರೂದಿಲ್ಲ ನೋಡು," ಅಂದರು.

"ಬರೂದಿಲ್ರಿ, ಅತ್ತಿ," ಅಂದೆ. "ನನಗೂ ಬರೂದಿಲ್ಲ."